ಅಭಯ ಮತ್ತು ಲೀಲೆ: ಅಂಧ ಮಕ್ಕಳ ಆಟದ ಮೈದಾನದಲ್ಲಿ ಸೇವೆಯ ಪ್ರಶ್ನೆ

ಅಂಧರಿಗೆ ಮಾಡುವ ಸೇವೆಯನ್ನು ಭಾರತದ ಧರ್ಮಪರಂಪರೆಗಳು ಪುಣ್ಯಕಾರ್ಯವೆಂದೇ ಎಣಿಸುತ್ತ ಬಂದಿವೆ. ಆದರೆ ಅನ್ನ, ವಸ್ತ್ರ, ಔಷಧ, ವಿದ್ಯೆಗಳು ಆ ಪುಣ್ಯದ ಲೆಕ್ಕಕ್ಕೆ ಸೇರುವಷ್ಟು ಸಲೀಸಾಗಿ ಆಟ ಸೇರುವುದಿಲ್ಲ. ಕಣ್ಣು ಕಾಣದ ಮಗುವಿನ ಊಟದ ಖರ್ಚು ಹೊತ್ತವರು, ಪರೀಕ್ಷೆಯಲ್ಲಿ ಅದು ಹೇಳಿದ ಉತ್ತರವನ್ನು ಬರೆದುಕೊಟ್ಟವರು, ಶಸ್ತ್ರಚಿಕಿತ್ಸೆಗೆ ಹಣ ಕೊಟ್ಟವರು ತಾವು ಮಾಡಿದ್ದೇನೆಂಬುದನ್ನು ಒಂದೇ ಮಾತಿನಲ್ಲಿ ಹೇಳಬಲ್ಲರು. ಅದೇ ಮಗು ಓಡಲಿ, ಚೆಂಡು ಎಸೆಯಲಿ, ಗೆಲ್ಲಲಿ ಇಲ್ಲವೇ ಸೋಲಲಿ ಎಂದು ಭಾನುವಾರದ ಬೆಳಗನ್ನೆಲ್ಲ ಮೈದಾನದಲ್ಲಿ ಕಳೆಯುವ ಸ್ವಯಂಸೇವಕರಿಗೆ, ಅಂದರೆ ಸಂಬಳದ ಹಂಗಿಲ್ಲದೆ ತಾವಾಗಿ ಬಂದು ದುಡಿಯುವವರಿಗೆ, ಆ ಮಾತು ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹಸಿವು ಒಂದು ಕೊರತೆ, ಅದನ್ನು ತುಂಬುವುದು ದಾನ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಆಟವಿಲ್ಲದಿರುವುದು ಎಂಥ ಕೊರತೆ, ಅದನ್ನು ಒದಗಿಸಿಕೊಡುವುದು ಯಾವ ಬಗೆಯ ಧರ್ಮ ಎಂಬುದನ್ನು ಮಾತ್ರ ವಿಚಾರ ಮಾಡಿಯೇ ತಿಳಿಯಬೇಕಾಗಿದೆ.

ಕರ್ನಾಟಕದಲ್ಲಿ ಈ ವಿಚಾರ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯದೆ ಮುಂದೆ ಸಾಗದು. ಸ್ವತಃ ಹುಟ್ಟುಕುರುಡರಾಗಿದ್ದ ಪಂಚಾಕ್ಷರ ಗವಾಯಿಗಳು (1892–1944) ಕಟ್ಟಿ, ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದ ಆ ಸಂಸ್ಥೆ, ಅಂಧ ಮಕ್ಕಳಿಗೆ ಅನ್ನ ಹಾಕಿ ಕೂರಿಸುವುದಷ್ಟೇ ದಾಸೋಹವಲ್ಲ, ಅವರನ್ನು ಕಲಾವಿದರನ್ನಾಗಿ ಮಾಡಿ ಸಮಾಜಕ್ಕೆ ಕೊಡುವುದು ದಾಸೋಹ ಎಂದು ತೋರಿಸಿಕೊಟ್ಟಿತು. ಶರಣರ ಪರಿಭಾಷೆಯಲ್ಲಿ ಕಾಯಕವೆಂದರೆ ದುಡಿಮೆ, ದಾಸೋಹವೆಂದರೆ ದುಡಿದದ್ದನ್ನು ತನ್ನದೆನ್ನದೆ ಸಮುದಾಯಕ್ಕೆ ಒಪ್ಪಿಸುವುದು; ಪುಣ್ಯಾಶ್ರಮದಲ್ಲಿ ಉಂಡ ಮಗುವೂ ಹಾಡಿ, ನುಡಿಸಿ, ಮುಂದೆ ತಾನೇ ಕಲಿಸಿ ಆ ಒಪ್ಪಿಸುವಿಕೆಯಲ್ಲಿ ಪಾಲ್ಗೊಂಡಿತು. ಇಷ್ಟು ದೊಡ್ಡ ಸಾಧನೆಯ ನೆರಳಿನಲ್ಲಿ ಒಂದು ಇಕ್ಕಟ್ಟೂ ಬೆಳೆಯಿತು ಎಂಬುದನ್ನು ಹೇಳಲೇಬೇಕು. ಅದು ಆಶ್ರಮದ ತಪ್ಪಲ್ಲ, ನೋಡಿದವರ ಸೋಮಾರಿತನ. ಕುರುಡು ಮಗುವೆಂದರೆ ಹಾರ್ಮೋನಿಯಂ, ತಬಲಾ, ಒಳ್ಳೆಯ ಕಂಠ ಎಂಬ ಸಿದ್ಧ ಕಲ್ಪನೆ ಜನಮನದಲ್ಲಿ ನೆಲೆಯೂರಿ, ಅದರ ಕಿವಿ ಮತ್ತು ಕೊರಳಿಗೆ ಸಿಕ್ಕ ಗೌರವ ಅದರ ಕಾಲು ಮತ್ತು ಭುಜಕ್ಕೆ ಸಿಗದೆ ಹೋಯಿತು. ಕೂತು ಮಾಡುವುದೆಲ್ಲ ಅದಕ್ಕೆ ತಕ್ಕದ್ದು, ಎದ್ದು ಓಡುವುದು ಅಪಾಯ ಎಂಬ ತೀರ್ಮಾನವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಎಲ್ಲರೂ ಪಾಲಿಸಿದರು.

ಆ ತೀರ್ಮಾನವನ್ನು ಮುರಿದವುಗಳಲ್ಲಿ ಅಂಧರ ಕ್ರಿಕೆಟ್ ಮುಖ್ಯವಾದುದು. 1922ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಕಾರ್ಖಾನೆಯ ಅಂಧ ಕಾರ್ಮಿಕರು ತಗಡಿನ ಡಬ್ಬಿಯೊಳಗೆ ಕಲ್ಲು ಹಾಕಿ ಆಡಿದ ಆಟ ಇಂದು ವಿಶ್ವಕಪ್ ಮಟ್ಟಕ್ಕೆ ಬೆಳೆದಿದ್ದು, ಭಾರತದಲ್ಲಿ ಅದನ್ನು ನಡೆಸುವ ಸಂಘದ ನೆಲೆ ಬೆಂಗಳೂರಿನಲ್ಲಿಯೇ ಇದೆ. ಗಟ್ಟಿ ಪ್ಲಾಸ್ಟಿಕ್ಕಿನ ಚೆಂಡಿನೊಳಗೆ ಬೇರಿಂಗ್ ಗುಂಡುಗಳು ಗಲಗಲ ಎನ್ನುತ್ತವೆ. ಬೌಲರ್ ತೋಳನ್ನು ಕೆಳಗಿನಿಂದ ಬೀಸಿ ಎಸೆಯುತ್ತಾನೆ, ಚೆಂಡು ಪಿಚ್‌ನ ನಡುಗೆರೆ ದಾಟುವ ಮೊದಲೇ ನೆಲ ಮುಟ್ಟಬೇಕು. ಎಸೆಯುವ ಮುನ್ನ ‘ರೆಡಿ?’ ಎಂದು ಕೇಳಿ, ‘ಯೆಸ್’ ಎಂಬ ಉತ್ತರ ಬಂದ ಮೇಲೆ ‘ಪ್ಲೇ’ ಎಂದು ಕೂಗಬೇಕು. ಸಂಪೂರ್ಣ ಅಂಧರಾದ ಕನಿಷ್ಠ ನಾಲ್ವರು ಪ್ರತಿ ತಂಡದಲ್ಲಿರಬೇಕು, ಅವರು ಗಳಿಸಿದ ಓಟಗಳು ಇಮ್ಮಡಿಯಾಗಿ ಲೆಕ್ಕಕ್ಕೆ ಬರುತ್ತವೆ. ಕರ್ನಾಟಕದ ಶೇಖರ್ ನಾಯಕ್ ಅವರ ನಾಯಕತ್ವದಲ್ಲಿ ಭಾರತ 2012ರ ಟಿ20 ವಿಶ್ವಕಪ್ಪನ್ನು ಬೆಂಗಳೂರಿನಲ್ಲಿ ಗೆದ್ದಿತು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು; 2025ರಲ್ಲಿ ಮೊದಲ ಬಾರಿಗೆ ನಡೆದ ಅಂಧ ಮಹಿಳೆಯರ ಟಿ20 ವಿಶ್ವಕಪ್ಪನ್ನು ಕೊಲಂಬೊದಲ್ಲಿ ಗೆದ್ದ ತಂಡದ ನಾಯಕಿ ದೀಪಿಕಾ ಟಿ.ಸಿ. ಕೂಡ ಕರ್ನಾಟಕದ ಪರವಾಗಿ ಆಡುವವರೇ. ಈ ಹೆಸರುಗಳು ಹೆಮ್ಮೆ ತರುವಂಥವು, ನಿಜ. ಆದರೆ ವಿಶ್ವಕಪ್ ಆಡದ, ಎಂದೂ ಆಡಲಾರದ ಸಾವಿರಾರು ಮಕ್ಕಳ ಆಟವೇ ಧರ್ಮಚಿಂತನೆಗೆ ಹೆಚ್ಚು ಕಠಿಣವಾದ ವಸ್ತು. ಏಕೆಂದರೆ ಅಲ್ಲಿ ಪದಕವೆಂಬ ಸಮರ್ಥನೆ ಇರುವುದಿಲ್ಲ.

ದಾನವನ್ನು ಕುರಿತು ಭಾರತೀಯ ಪರಂಪರೆಯಲ್ಲಿ ಹೆಚ್ಚಾಗಿ ಉಲ್ಲೇಖವಾಗುವ ವಿವೇಚನೆ ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿದೆ. ಕೊಡುವುದು ಕರ್ತವ್ಯವೆಂಬ ಭಾವದಿಂದ, ತಕ್ಕ ಸ್ಥಳ, ಕಾಲ, ಪಾತ್ರಗಳನ್ನು ಅರಿತು, ಮರಳಿ ಉಪಕಾರ ಮಾಡದವನಿಗೆ ಕೊಟ್ಟದ್ದು ಸಾತ್ವಿಕ ದಾನ ಎಂಬುದು ಅಲ್ಲಿನ ಅಭಿಪ್ರಾಯ. ಮೇಲುನೋಟಕ್ಕೆ ಇದು ಅಂಧ ಮಗುವಿನ ಸೇವೆಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ, ಏಕೆಂದರೆ ಬಡ ಮನೆಯ ಕಾಣದ ಮಗುವಿಗಿಂತ ಹೆಚ್ಚು ಪ್ರತ್ಯುಪಕಾರಕ್ಕೆ ಅಸಮರ್ಥರಾದವರು ಯಾರು? ಆದರೆ ಈ ಓದಿನಲ್ಲೇ ಒಂದು ಅಪಾಯ ಅಡಗಿದೆ. ಪಡೆಯುವವನ ಅಸಾಮರ್ಥ್ಯವೇ ಕೊಡುವವನ ಪುಣ್ಯಕ್ಕೆ ಆಧಾರವಾದರೆ, ಆ ಅಸಾಮರ್ಥ್ಯ ಹಾಗೆಯೇ ಉಳಿಯುವುದು ಕೊಡುವವನಿಗೆ ಅನುಕೂಲವೆನಿಸತೊಡಗುತ್ತದೆ; ಮಗು ಬಲಗೊಂಡಷ್ಟೂ ದಾನದ ಶುದ್ಧಿ ಕಡಿಮೆಯಾಗುವ ವಿಚಿತ್ರ ಲೆಕ್ಕ ಅದು. ಶಂಕರಾಚಾರ್ಯರು ಈ ಶ್ಲೋಕಕ್ಕೆ ಬರೆದ ಭಾಷ್ಯ ಇಲ್ಲಿ ದಾರಿ ತೋರುತ್ತದೆ: ಪ್ರತ್ಯುಪಕಾರ ಮಾಡಲಾರದವನಿಗೆ ಕೊಡುವುದೆಂದು ಅರ್ಥ ಹೇಳಿ, ಅಷ್ಟಕ್ಕೇ ನಿಲ್ಲದೆ, ಮಾಡಬಲ್ಲವನಿಗಾದರೂ ಅಪೇಕ್ಷೆಯಿಲ್ಲದೆ ಕೊಡುವುದೆಂದು ಅವರು ಸೇರಿಸುತ್ತಾರೆ. ಈ ಸೇರ್ಪಡೆಯಿಂದ ಇಡೀ ಷರತ್ತು ಪಡೆಯುವವನ ಮೈಯಿಂದ ಕೊಡುವವನ ಮನಸ್ಸಿಗೆ ವರ್ಗವಾಗುತ್ತದೆ. ಸಾತ್ವಿಕತೆಗೆ ಬೇಕಾದದ್ದು ಮಗುವಿನ ದೌರ್ಬಲ್ಯವಲ್ಲ, ಸ್ವಯಂಸೇವಕನ ನಿರಪೇಕ್ಷೆ.

ಈ ಭೇದ ಎಷ್ಟು ಸೂಕ್ಷ್ಮವೋ ಮೈದಾನದಲ್ಲಿ ಅಷ್ಟೇ ಢಾಳಾಗಿ ಕಾಣುತ್ತದೆ. ದೌರ್ಬಲ್ಯವನ್ನು ನೆಚ್ಚಿದ ಸೇವೆ ಓಟದ ಸ್ಪರ್ಧೆಯಲ್ಲಿ ಎಲ್ಲರಿಗೂ ಬಹುಮಾನ ಹಂಚುತ್ತದೆ, ವಿಕೆಟ್ಟಿಗೆ ಚೆಂಡು ತಾಗಿದರೂ ‘ಇರಲಿ ಬಿಡು’ ಎಂದು ಇನ್ನೊಂದು ಅವಕಾಶ ಕೊಡುತ್ತದೆ, ಮಗು ಬ್ಯಾಟು ಹಿಡಿದ ಕೂಡಲೇ ಫೋಟೊ ತೆಗೆಯುತ್ತದೆ, ಚೆಂಡು ತಾಗದಿದ್ದರೂ ಚಪ್ಪಾಳೆ ತಟ್ಟುತ್ತದೆ. ತನ್ನನ್ನು ಗೆಲ್ಲಿಸುತ್ತಿದ್ದಾರೆ ಎಂಬುದು ಕಣ್ಣು ಕಾಣದ ಮಗುವಿಗೆ ಬಹು ಬೇಗ ಗೊತ್ತಾಗುತ್ತದೆ. ಚಪ್ಪಾಳೆಯ ಸದ್ದಿನಲ್ಲಿ ಸುಳ್ಳನ್ನು ಗುರುತಿಸಲು ಕಣ್ಣು ಬೇಕಿಲ್ಲ. ಸೋಲುವ ಹಕ್ಕು ಇಲ್ಲದವನು ಆಟಗಾರನಲ್ಲ, ಆಟದ ಅತಿಥಿ. ಔಟಾದವನನ್ನು ಔಟೆಂದೇ ಹೇಳಿ ಹೊರಗೆ ಕಳಿಸುವ ಅಂಪೈರ್ ಆ ಮಗುವಿಗೆ ಕೊಡುವ ಮರ್ಯಾದೆ, ಬಹುಮಾನ ಹಂಚುವ ಮುಖ್ಯ ಅತಿಥಿ ಕೊಡುವುದಕ್ಕಿಂತ ದೊಡ್ಡದು.

ಕೊರತೆಯ ಭಾಷೆಗೆ ಇನ್ನೊಂದು ಬೇರು ಕರ್ಮಸಿದ್ಧಾಂತದ ಜನಪ್ರಿಯ ಗ್ರಹಿಕೆಯಲ್ಲಿದೆ. ಅಂಧತ್ವವನ್ನು ಹಿಂದಿನ ಜನ್ಮದ ಪಾಪದ ಫಲವೆಂದು ಬಗೆಯುವವರು, ಆ ಫಲವನ್ನು ಉಣ್ಣಲು ಬಂದ ಮಗು ನಗುನಗುತ್ತ ಆಡುವುದನ್ನು ಕಂಡು ಒಳಗೊಳಗೆ ಗಲಿಬಿಲಿಗೊಳ್ಳುತ್ತಾರೆ. ದುಃಖವನ್ನು ತಗ್ಗಿಸಲು ಅವರು ಸಿದ್ಧ, ಸಂತೋಷವನ್ನು ಹೆಚ್ಚಿಸಲು ಹಿಂಜರಿಕೆ. ಈ ಪ್ರಶ್ನೆ ಭಾರತದ್ದು ಮಾತ್ರವಲ್ಲ. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ, ಯೇಸು ಎರಡನ್ನೂ ನಿರಾಕರಿಸುತ್ತಾನೆ. ಕುರಾನಿನ ‘ಅಬಸ’ ಎಂಬ ಎಂಬತ್ತನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ, ಪ್ರತಿಷ್ಠಿತರೊಡನೆ ಮಾತಿನಲ್ಲಿದ್ದಾಗ ತಿಳಿಯಲೆಂದು ಬಂದ ಅಂಧನ ಕಡೆಗೆ ಮುಖ ಸಿಂಡರಿಸಿದ್ದಕ್ಕಾಗಿ ಪ್ರವಾದಿಯವರನ್ನೇ ಎಚ್ಚರಿಸುತ್ತದೆ. ವ್ಯಾಖ್ಯಾನಪರಂಪರೆ ಇಬ್ನ್ ಉಮ್ಮ್ ಮಕ್ತೂಮ್ ಎಂದು ಗುರುತಿಸುವ ಆ ವ್ಯಕ್ತಿ ಮುಂದೆ ಪ್ರಾರ್ಥನೆಗೆ ಕರೆ ಕೊಡುವವರಲ್ಲಿ ಒಬ್ಬರಾದರು. ಅವರು ಬಂದದ್ದು ಭಿಕ್ಷೆಗಲ್ಲ, ಕಣ್ಣಿಗೂ ಅಲ್ಲ; ಉಳಿದವರಿಗೆ ಸಿಗುತ್ತಿದ್ದುದರಲ್ಲಿ ತಮ್ಮ ಪಾಲಿಗೆ. ಕರ್ಮವನ್ನು ನಂಬುವವರೂ ಒಂದು ಮಾತನ್ನು ಒಪ್ಪಬೇಕಾಗುತ್ತದೆ: ಮಗುವಿನ ಅಂಧತ್ವಕ್ಕೆ ಕಾರಣ ಏನೇ ಇರಲಿ, ಅದರ ಶಾಲೆಯಲ್ಲಿ ಸದ್ದು ಮಾಡುವ ಚೆಂಡು ಇಲ್ಲದಿರುವುದಕ್ಕೆ ಕಾರಣ ಅದರ ಪೂರ್ವಜನ್ಮವಲ್ಲ.

ಹಾಗಾದರೆ ಆಟವನ್ನು ಒದಗಿಸುವ ಸೇವೆಗೆ ಪರಂಪರೆಯಲ್ಲಿ ಹೊಂದುವ ಹೆಸರು ಇಲ್ಲವೇ? ಇದೆ, ಮತ್ತು ಅದು ಕನ್ನಡ ನಾಡಿನ ಶಾಸನ, ಕಾವ್ಯಗಳಿಗೆ ಚಿರಪರಿಚಿತವಾದುದು. ಜೈನ ಧರ್ಮ ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ನಾಲ್ಕು ಬಗೆಯ ದಾನಗಳನ್ನು ಹೇಳುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಕೆಲಸ ಶಾಸ್ತ್ರದಾನ. ಇಂದು ಬ್ರೈಲ್ ಪುಸ್ತಕ ಮಾಡಿಸಿಕೊಡುವವರು, ಪಾಠಗಳನ್ನು ಓದಿ ಧ್ವನಿಮುದ್ರಿಸಿಕೊಡುವವರು ಆಕೆಯ ಸಾಲಿನವರೆಂದು ಯಾರಾದರೂ ಒಪ್ಪುತ್ತಾರೆ. ನಾಲ್ಕನೆಯದಾದ ಅಭಯದಾನವೆಂದರೆ ಶಾಸ್ತ್ರದ ಮೂಲ ಅರ್ಥದಲ್ಲಿ ಜೀವಿಗಳಿಗೆ ಪ್ರಾಣಭಯವಿಲ್ಲದಂತೆ ನಡೆದುಕೊಳ್ಳುವುದು. ಅದನ್ನು ಆಟದ ಮೈದಾನಕ್ಕೆ ತರುವುದು ಅರ್ಥವನ್ನು ಹಿಗ್ಗಿಸಿದಂತೆ ಎಂಬ ಆಕ್ಷೇಪ ಸರಿಯೇ. ಆದರೂ ಹಿಗ್ಗಿಸಲು ಕಾರಣವಿದೆ. ಕಾಣದ ಮಗು ನಡೆಯಲು ಕಲಿತ ದಿನದಿಂದ ಅತಿ ಹೆಚ್ಚು ಕೇಳುವ ಮಾತುಗಳು ‘ನಿಲ್ಲು’, ‘ಓಡಬೇಡ’, ‘ಬಿದ್ದೀಯ’ ಎಂಬಂಥವು. ಪ್ರೀತಿಯಿಂದಲೇ ಆಡಿದ ಈ ಮಾತುಗಳು ವರ್ಷಗಳ ಕಾಲ ಸೇರಿ ಸೇರಿ ಮೈಯೊಳಗೆ ಇಳಿದು, ಹೆಜ್ಜೆ ಚಿಕ್ಕದಾಗಿ, ಕೈ ಮುಂದೆ ಚಾಚಿ, ಕತ್ತು ಬಿಗಿಯಾಗಿ, ಬಯಲು ಜಾಗದಲ್ಲಿಯೂ ಗೋಡೆಯ ಅಂಚಿನಲ್ಲಿ ನಡೆಯುವಂತೆ ನಡೆಯುವ ಒಂದು ದೇಹವನ್ನು ತಯಾರು ಮಾಡುತ್ತವೆ. ಆ ದೇಹಕ್ಕೆ ಬೇಕಾದದ್ದು ಧೈರ್ಯದ ಉಪದೇಶವಲ್ಲ. ಅಭಯವನ್ನು ಕೊಡುವುದೆಂದರೆ ನಂಬಬಹುದಾದ ನೆಲವನ್ನು ಕೊಡುವುದು.

ನಂಬಬಹುದಾದ ನೆಲ ಹೇಗಿರುತ್ತದೆಂಬುದಕ್ಕೆ ಗೋಲ್‌ಬಾಲ್ ಎಂಬ ಆಟದ ಅಂಕಣ ಒಳ್ಳೆಯ ನಿದರ್ಶನ. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1946ರಲ್ಲಿ ಆಸ್ಟ್ರಿಯಾದ ಹಾನ್ಸ್ ಲೊರೆಂಟ್ಸೆನ್ ಮತ್ತು ಜರ್ಮನಿಯ ಸೆಪ್ ರೈಂಡ್ಲ್ ರೂಪಿಸಿದ ಈ ಆಟ 1976ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಹದಿನೆಂಟು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲದ ಅಂಕಣದ ಎರಡು ತುದಿಗಳಲ್ಲಿ ಮೂವರು ಮೂವರು ನಿಂತು, ಒಳಗೆ ಗೆಜ್ಜೆಯುಳ್ಳ 1.25 ಕಿಲೊ ತೂಕದ ಚೆಂಡನ್ನು ನೆಲದ ಮೇಲೆ ಉರುಳಿಸಿ ಎದುರಾಳಿಯ ಗೋಲಿಗೆ ಸೇರಿಸಲು ನೋಡುತ್ತಾರೆ. ಎದುರಿನವರು ಸದ್ದನ್ನು ಹಿಡಿದು ಮೈ ಚಾಚಿ ಅಡ್ಡ ಬೀಳುತ್ತಾರೆ. ಆಟಕ್ಕೆ ಒಂದು ಗಂಟೆ ಮೊದಲು ಬಂದ ಸ್ವಯಂಸೇವಕರು ಮಾಡುವ ಕೆಲಸ ನೋಡುವವರಿಗೆ ಬಹಳ ಸಪ್ಪೆಯಾಗಿ ಕಾಣುತ್ತದೆ: ಮಂಡಿಯೂರಿ, ಗೆರೆ ಬರಬೇಕಾದ ಕಡೆಯೆಲ್ಲ ಸಣ್ಣ ದಾರವನ್ನು ಬಿಗಿಯಾಗಿ ಎಳೆದು, ಅದರ ಮೇಲೆ ಅಗಲವಾದ ಟೇಪನ್ನು ಸುಕ್ಕಿಲ್ಲದಂತೆ ಒತ್ತಿ ಅಂಟಿಸುವುದು. ದಾರ ಉಬ್ಬಿ ನಿಂತ ಆ ಗೆರೆಯನ್ನು ಮಗು ಅಂಗೈಯಿಂದಲೂ ಪಾದದಿಂದಲೂ ಸವರಿ, ತಾನೆಲ್ಲಿದ್ದೇನೆ, ಗೋಲು ಎತ್ತ ಕಡೆಗಿದೆ, ಜೊತೆಗಾರ ಎಷ್ಟು ದೂರ ಎಂಬುದನ್ನು ತಿಳಿದುಕೊಳ್ಳುತ್ತದೆ. ಟೇಪು ಒಂದು ಕಡೆ ಎದ್ದಿದ್ದರೆ ಮಗು ತಪ್ಪು ತಿಳಿಯುತ್ತದೆ, ಮುಂದಿನ ಸಲ ಹಾರಲು ಹಿಂಜರಿಯುತ್ತದೆ. ಆಟ ಶುರುವಾದ ಮೇಲೆ ಸ್ವಯಂಸೇವಕರ ಕರ್ತವ್ಯ ಇನ್ನೂ ಕಷ್ಟದ್ದು, ಅಂದರೆ ಸುಮ್ಮನಿರುವುದು. ಚೆಂಡು ಆಟದಲ್ಲಿರುವಷ್ಟು ಹೊತ್ತು ಕೂಗಿದರೆ, ಹುರಿದುಂಬಿಸಿದರೆ, ಗೆಜ್ಜೆಯ ಸದ್ದು ಮುಚ್ಚಿಹೋಗಿ ಆಟ ಕೆಡುತ್ತದೆ. ಸೇವೆಯ ಸಂಭ್ರಮವನ್ನೇ ಸೇವೆಯೆಂದು ತಿಳಿದವರಿಗೆ ಈ ಮೌನ ಒಳ್ಳೆಯ ವ್ರತ.

ಗೋಲ್‌ಬಾಲಿನಲ್ಲಿ ಆಟಗಾರರೆಲ್ಲರೂ ಕಣ್ಣಿಗೆ ಪಟ್ಟಿ ಕಟ್ಟಿಕೊಳ್ಳಲೇಬೇಕು, ಏಕೆಂದರೆ ಅಲ್ಪಸ್ವಲ್ಪ ಬೆಳಕು ಕಾಣುವವರಿಗೂ ಏನೂ ಕಾಣದವರಿಗೂ ನಡುವಣ ಅಂತರ ಅದರಿಂದ ಅಳಿಯುತ್ತದೆ. ಕಣ್ಣುಪಟ್ಟಿಯೆಂದರೆ ಮಹಾಭಾರತದ ಗಾಂಧಾರಿ ನೆನಪಾಗುವುದು ಸಹಜ. ಪತಿಯನ್ನು ಮೀರಬಾರದೆಂಬ ಆಕೆಯ ವ್ರತ ನಿಷ್ಠೆಯ ದೃಷ್ಟಿಯಿಂದ ಎಷ್ಟೇ ಉನ್ನತವಾಗಿರಲಿ, ಅದರಿಂದ ಧೃತರಾಷ್ಟ್ರನಿಗೆ ದಾರಿ ಹೇಳಬಲ್ಲವರಲ್ಲಿ ಒಬ್ಬರು ಕಡಿಮೆಯಾದರು. ಸ್ವಯಂಸೇವಕರ ತರಬೇತಿಯಲ್ಲಿ ಅರ್ಧ ಗಂಟೆ ಕಣ್ಣು ಕಟ್ಟಿ ನಡೆಸುವ ಪದ್ಧತಿಯೂ ಹೆಚ್ಚೂಕಡಿಮೆ ಇದೇ ಜಾತಿಯದು: ಕಟ್ಟಿಕೊಂಡವರಿಗೆ ತಿಳಿಯುವುದು ಕಣ್ಣು ಕಳೆದುಕೊಂಡ ಮೊದಲ ಅರ್ಧ ಗಂಟೆಯ ದಿಗಿಲೇ ಹೊರತು, ಹತ್ತು ವರ್ಷಗಳಿಂದ ಕಾಣದೆಯೇ ಮೆಟ್ಟಿಲು ಹತ್ತಿ ಇಳಿಯುವ ಮಗುವಿನ ನೈಪುಣ್ಯವಲ್ಲ. ಅಂಥ ತರಬೇತಿಯಿಂದ ಮರುಕ ಹೆಚ್ಚುತ್ತದೆ, ತಿಳಿವಳಿಕೆ ಹೆಚ್ಚುವುದು ಅಪರೂಪ.

ಅಭಯದ ವಿಚಾರ ಇಲ್ಲಿಗೆ ಸಾಕು. ಅದು ಆಟಕ್ಕೆ ಬೇಕಾದ ನೆಲವನ್ನು ವಿವರಿಸುತ್ತದೆ, ಆಟವನ್ನಲ್ಲ. ಆಟವೇಕೆ ಬೇಕು ಎಂಬ ಪ್ರಶ್ನೆಗೆ ವೇದಾಂತದಲ್ಲಿ ಅನಿರೀಕ್ಷಿತ ಉತ್ತರವೊಂದಿದೆ. ಬಾದರಾಯಣರ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ, ಯಾವ ಬಯಕೆಯೂ ಉಳಿದಿರದ ಪರಿಪೂರ್ಣ ಬ್ರಹ್ಮ ಜಗತ್ತನ್ನು ಏಕೆ ಸೃಷ್ಟಿಸಬೇಕು, ಪ್ರಯೋಜನವಿದೆಯೆಂದರೆ ಅಪೂರ್ಣವಾಯಿತು, ಇಲ್ಲವೆಂದರೆ ಕೆಲಸವೇ ಅರ್ಥಹೀನವಾಯಿತು ಎಂಬ ಪೂರ್ವಪಕ್ಷ, ಅಂದರೆ ಎದುರಾಳಿಯ ಆಕ್ಷೇಪ, ಬರುತ್ತದೆ. ಅದಕ್ಕೆ ಸೂತ್ರಕಾರರ ಸಮಾಧಾನ, ಲೋಕದಲ್ಲಿ ಕಾಣುವಂತೆ ಸೃಷ್ಟಿ ಬರಿಯ ಲೀಲೆ, ಆಟ ಎಂಬುದು. ಎಲ್ಲವನ್ನೂ ಪಡೆದ ಅರಸನು ಯಾವ ಫಲವನ್ನೂ ಬಯಸದೆ ವಿಹಾರದಲ್ಲಿ ತೊಡಗುವಂತೆ, ಉಸಿರಾಟ ತಾನಾಗಿ ನಡೆಯುವಂತೆ ಎಂದು ಶಂಕರರು ಅದನ್ನು ವಿವರಿಸಿದರೆ, ಮಧ್ವಾಚಾರ್ಯರು ಸುಖದ ಉಕ್ಕಿನಿಂದಲೇ ಕುಣಿದು ಹಾಡುವ ಮತ್ತನ ದೃಷ್ಟಾಂತವನ್ನು ಕೊಡುತ್ತಾರೆ. ಬೇರೆಲ್ಲ ಕಡೆ ಭಿನ್ನಾಭಿಪ್ರಾಯವಿರುವ ಈ ಇಬ್ಬರೂ ಕೊರತೆಯಿಂದ ಹುಟ್ಟಿದ್ದು ಆಟವಲ್ಲ, ತುಂಬಿ ಬಂದದ್ದು ಆಟ ಎಂಬಲ್ಲಿ ಒಂದಾಗುತ್ತಾರೆ.

ಬ್ರಹ್ಮದ ಮಾತನ್ನು ಮಗುವಿಗೆ ಅನ್ವಯಿಸುವುದು ಅತಿಯಾಯಿತೆನ್ನಬಹುದು. ಆದರೆ ಸೂತ್ರಕಾರರೇ ಲೋಕದ ಆಟವನ್ನು ಹೋಲಿಕೆಯಾಗಿ ತಂದಿರುವುದರಿಂದ, ಲೋಕದಲ್ಲಿ ಅಂಥ ಆಟ ಉಂಟು, ಅದು ಮನುಷ್ಯರಿಗೆ ಸಾಧ್ಯ ಎಂದು ಅವರು ಒಪ್ಪಿಯೇ ಮುಂದುವರಿದಿದ್ದಾರೆ. ಹಾಗಿರುವಾಗ ಅಂಧ ಮಗುವಿನ ಆಟಕ್ಕೆ ಮಾತ್ರ ಪ್ರಯೋಜನದ ಪ್ರಮಾಣಪತ್ರ ಕೇಳುವುದೇಕೆ? ಆಟದಿಂದ ಆತ್ಮವಿಶ್ವಾಸ ಬರುತ್ತದೆ, ಚಲನಶಕ್ತಿ ಸುಧಾರಿಸುತ್ತದೆ, ಕ್ರೀಡಾ ಮೀಸಲಾತಿಯಲ್ಲಿ ನೌಕರಿ ಸಿಗಬಹುದು ಎಂದು ದಾನಿಗಳಿಗೆ ಬರೆಯುವ ಮನವಿಗಳು ಹೇಳುತ್ತವೆ. ಇವೆಲ್ಲ ಸುಳ್ಳಲ್ಲ, ಹಣ ಹುಟ್ಟಬೇಕಾದರೆ ಹೀಗೆ ಬರೆಯದೆ ವಿಧಿಯೂ ಇಲ್ಲ. ಕಾಣುವ ಮಕ್ಕಳು ಬೀದಿಯಲ್ಲಿ ಲಗೋರಿ ಆಡುವಾಗ ಇದರಿಂದ ಮುಂದೇನು ಲಾಭವೆಂದು ಯಾರೂ ಕೇಳುವುದಿಲ್ಲ; ಕಾಣದ ಮಗುವಿನ ಆಟ ಮಾತ್ರ ಚಿಕಿತ್ಸೆಯೋ ತರಬೇತಿಯೋ ಆಗಿ ತನ್ನನ್ನು ಸಮರ್ಥಿಸಿಕೊಳ್ಳಬೇಕು. ಆ ಮಗುವನ್ನು ಕೊರತೆಯಾಗಿ ನೋಡುವ ಹಳೆಯ ಅಭ್ಯಾಸವೇ ಇಲ್ಲಿ ಹೊಸ ಉಡುಪಿನಲ್ಲಿ ಬಂದಿದೆ. ಅದರ ಆಟವನ್ನು ಲೀಲೆಯೆಂದು ಒಪ್ಪುವುದೆಂದರೆ ಅದರೊಳಗೆ ಉಕ್ಕಬಲ್ಲದ್ದೇನೋ ಈಗಾಗಲೇ ಇದೆಯೆಂದು ಒಪ್ಪುವುದು.

ಹೀಗೆ ಒಪ್ಪಿದರೆ ಕೊಡುವವನು, ಪಡೆಯುವವನು ಎಂಬ ವಿಭಜನೆಯೂ ಸಡಿಲಗೊಳ್ಳುತ್ತದೆ. ಗೀತೆಯ ಮೂರನೆಯ ಅಧ್ಯಾಯ ಯಜ್ಞವನ್ನು ಕುರಿತು ಹೇಳುವಾಗ ದೇವತೆಗಳೂ ಮನುಷ್ಯರೂ ಒಬ್ಬರನ್ನೊಬ್ಬರು ಪೋಷಿಸಿ ಶ್ರೇಯಸ್ಸು ಪಡೆಯುವ ಮಾದರಿಯನ್ನು ಮುಂದಿಡುತ್ತದೆ; ಒಟ್ಟಿಗೆ ಓಡುವವರ ಸಂಬಂಧಕ್ಕೆ ದಾನಕ್ಕಿಂತ ಈ ಪರಸ್ಪರ ಪೋಷಣೆಯ ಮಾದರಿ ಹೆಚ್ಚು ಹೊಂದುತ್ತದೆ. ಸಂಪೂರ್ಣ ಅಂಧ ಓಟಗಾರರು ಗೈಡ್ ಎಂದು ಕರೆಯುವ ಕಾಣುವ ಜೊತೆಗಾರರೊಡನೆ, ಇಬ್ಬರ ಕೈಗೂ ಸೇರಿದ ಒಂದು ಚಿಕ್ಕ ದಾರವನ್ನು ಹಿಡಿದು ಓಡುತ್ತಾರೆ. ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು 2018ರ ಮತ್ತು 2023ರಲ್ಲಿ ನಡೆದ ಏಷ್ಯನ್ ಪ್ಯಾರಾ ಕ್ರೀಡಾಕೂಟಗಳಲ್ಲಿ 1500 ಮೀಟರ್ ಓಟದ ಚಿನ್ನ ಗೆದ್ದದ್ದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಓಡಿದ್ದು ಇದೇ ರೀತಿಯಲ್ಲಿ. ಗೈಡ್ ಓಟಗಾರನನ್ನು ಎಳೆಯುವಂತಿಲ್ಲ, ತಳ್ಳುವಂತಿಲ್ಲ, ಅಂತಿಮ ಗೆರೆಯನ್ನು ಅವನಿಗಿಂತ ಮೊದಲು ದಾಟುವಂತಿಲ್ಲ. ತೋಳಿನ ಬೀಸು, ಹೆಜ್ಜೆಯ ಉದ್ದ ಎಲ್ಲವನ್ನೂ ಓಟಗಾರನಿಗೆ ಹೊಂದಿಸಿಕೊಳ್ಳಬೇಕು, ತಿರುವು ಬಂದಾಗ ಒಂದೆರಡು ಶಬ್ದ ಹೇಳಬೇಕು, ಅವನಿಗಿಂತ ವೇಗವಾಗಿ ಓಡಬಲ್ಲವನಾಗಿಯೂ ಇರಬೇಕು. ಶಕ್ತಿಯಿದ್ದೂ ಅದನ್ನು ಇನ್ನೊಬ್ಬರ ಲಯಕ್ಕೆ ಒಪ್ಪಿಸುವುದು ದಾಸೋಹವಲ್ಲದೆ ಮತ್ತೇನು?

ಆ ಪ್ಯಾರಿಸ್ ಕೂಟದ ಮ್ಯಾರಥಾನಿನಲ್ಲಿಯೇ ನಡೆದ ಘಟನೆಯೊಂದು ಈ ಸಂಬಂಧದ ಇನ್ನೊಂದು ಮಗ್ಗುಲನ್ನು ತೋರಿಸಿತು. ಮೂರನೆಯ ಸ್ಥಾನದಲ್ಲಿ ಗುರಿಯತ್ತ ಬರುತ್ತಿದ್ದ ಸ್ಪೇನಿನ ಎಲೆನಾ ಕಾಂಗೋಸ್ಟ್, ಕೊನೆಯ ಕೆಲವೇ ಅಡಿಗಳು ಉಳಿದಿದ್ದಾಗ ತನ್ನ ಗೈಡ್ ಸ್ನಾಯುಸೆಳೆತದಿಂದ ಕುಸಿಯುವುದನ್ನು ಅರಿತು, ದಾರವನ್ನು ಬಿಟ್ಟು ಆತನನ್ನು ಹಿಡಿದುಕೊಂಡರು. ದಾರ ಬಿಡಬಾರದೆಂಬ ನಿಯಮದಂತೆ ಅವರನ್ನು ಅನರ್ಹಗೊಳಿಸಲಾಯಿತು. ನಿಯಮ ಸರಿಯೇ ತಪ್ಪೇ ಎಂದು ಲೋಕವೆಲ್ಲ ಚರ್ಚಿಸಿತು. ನಿಯಮದ ಪರವಾಗಿಯೂ ಹೇಳಲು ಮಾತಿದೆ: ಆಟಗಾರರೆಂದು ಒಪ್ಪಿದ ಮೇಲೆ ಅಂಧರೆಂಬ ಕಾರಣಕ್ಕೆ ವಿನಾಯಿತಿ ಕೊಟ್ಟರೆ ‘ಇರಲಿ ಬಿಡು’ ಎನ್ನುವ ಔದಾರ್ಯವೇ ಮರಳಿ ಬಂದಂತಾಗುತ್ತದೆ. ಆದರೆ ಧರ್ಮಚಿಂತನೆಗೆ ಮುಖ್ಯವಾದದ್ದು ತೀರ್ಪಲ್ಲ. ಸಹಾಯಕ್ಕೆಂದು ಬಂದವನು ಬೀಳುವಾಗ ಸಹಾಯ ಪಡೆಯುತ್ತಿದ್ದವಳ ಕೈ ಯೋಚನೆಗೂ ಮೊದಲೇ ಚಾಚಿಕೊಂಡಿತೆಂಬುದು. ಅಸಾಮರ್ಥ್ಯವನ್ನು ಪಾತ್ರತೆಯೆಂದು ಎಣಿಸುವ ದಾನದ ಲೆಕ್ಕಪುಸ್ತಕದಲ್ಲಿ ಈ ಘಟನೆಯನ್ನು ಬರೆದುಕೊಳ್ಳಲು ಕಲಮೇ ಇಲ್ಲ.

ಅಂಧ ಮಕ್ಕಳ ಆಟದ ಬಗ್ಗೆ ಕಾನೂನಿನ ಕಡೆಯಿಂದ ಬರುವ ಮಾತನ್ನೂ ಚಿಕ್ಕದಾಗಿ ಹೇಳಬಹುದು. ಅಂಗವಿಕಲ ಮಕ್ಕಳು ಉಳಿದ ಮಕ್ಕಳ ಸಮಾನವಾಗಿ ಆಟ, ಕ್ರೀಡೆಗಳಲ್ಲಿ ಭಾಗವಹಿಸುವಂತಾಗಬೇಕೆಂದು 2006ರ ವಿಶ್ವಸಂಸ್ಥೆಯ ಒಡಂಬಡಿಕೆಯ ಮೂವತ್ತನೆಯ ವಿಧಿ ಹೇಳುತ್ತದೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಕ್ರೀಡೆಯನ್ನು ಸರ್ಕಾರಗಳ ಹೊಣೆಯಾಗಿಸಿದೆ. ಆಟ ಹಕ್ಕಾದ ಮೇಲೆ ಸ್ವಯಂಸೇವಕರ ಪುಣ್ಯಕ್ಕೆ ಎಡೆಯೆಲ್ಲಿ ಎಂದು ಕೇಳುವವರಿದ್ದಾರೆ. ಕಾಯ್ದೆಯಿಂದ ಚೆಂಡು, ಅಂಕಣ, ತರಬೇತುದಾರರ ಸಂಬಳ ಬರಬಹುದು, ಬರಲೇಬೇಕು. ಜೊತೆಗೆ ಓಡುವ ಕಾಲುಗಳನ್ನು ಆದೇಶ ಹೊರಡಿಸಿ ತರಲಾಗದು. ಆದ್ದರಿಂದ ಹಕ್ಕು ಬಂದಾಗ ಸೇವೆ ಇಲ್ಲವಾಗುವುದಿಲ್ಲ, ಉಪಕಾರದ ಗತ್ತನ್ನು ಕಳೆದುಕೊಳ್ಳುತ್ತದೆ, ಅಷ್ಟೇ.

ಲೀಲೆಯ ತರ್ಕವನ್ನು ಕೊನೆಯವರೆಗೂ ಒಯ್ದರೆ ಸ್ವಯಂಸೇವಕರಿಗೆ ಅಷ್ಟೇನೂ ಹಿತವೆನಿಸದ ಒಂದು ಫಲಿತವನ್ನು ಒಪ್ಪಬೇಕಾಗುತ್ತದೆ. ಬಲವಂತದ ಆಟ ಆಟವಲ್ಲವಾದ್ದರಿಂದ, ಎಲ್ಲ ಸಿದ್ಧತೆಯಾದ ಮೇಲೂ ‘ನನಗೆ ಬೇಡ, ಮರದಡಿ ಕೂತು ರೇಡಿಯೊ ಕೇಳುತ್ತೇನೆ’ ಎನ್ನುವ ಮಗುವಿಗೆ ಹಾಗೆ ಹೇಳುವ ಪೂರ್ಣ ಅಧಿಕಾರವಿದೆ. ಆಗ ಸ್ವಯಂಸೇವಕನಿಗೆ ಬೇಸರವಾದರೆ, ಇಷ್ಟೆಲ್ಲ ಮಾಡಿದರೂ ಹೀಗೆಯೇ ಎಂಬ ಮಾತು ನಾಲಿಗೆಯವರೆಗೆ ಬಂದರೆ, ಗೀತೆ ಹೇಳಿದ ನಿರಪೇಕ್ಷೆ ಎಷ್ಟರಮಟ್ಟಿಗೆ ಇತ್ತೆಂಬುದು ಅವನಿಗೇ ತಿಳಿಯುತ್ತದೆ. ಆದರೆ ಮರದಡಿ ಕೂತ ಮಕ್ಕಳೆಲ್ಲ ತಾವಾಗಿ ಕೂತವರಲ್ಲ. ಎಷ್ಟೋ ಶಾಲೆಗಳಲ್ಲಿ ಆಟದ ಅವಧಿ ಬಂದಾಗ ಕಾಣದ ಮಗುವಿಗೆ ಸಹಪಾಠಿಗಳ ಚೀಲ, ನೀರಿನ ಬಾಟಲಿಗಳನ್ನು ಕಾಯುವ ಕೆಲಸ ಕೊಡುತ್ತಾರೆ, ಅದೂ ದಯೆಯಿಂದಲೇ. ದೂರದಿಂದ ನೋಡಿದವರಿಗೆ ಈ ಇಬ್ಬರು ಮಕ್ಕಳೂ ಒಂದೇ ಬಗೆಯಲ್ಲಿ ಕೂತಿರುವಂತೆ ಕಾಣುತ್ತಾರೆ. ಯಾರು ಒಲ್ಲೆನೆಂದು ಕೂತವರು, ಯಾರನ್ನು ಕೂರಿಸಲಾಗಿದೆ ಎಂಬುದನ್ನು ತಿಳಿಯಬೇಕಾದರೆ ಆ ಶಾಲೆಯ ಕ್ರೀಡಾಸಾಮಗ್ರಿಯ ಕಪಾಟನ್ನು ತೆರೆದು, ಗಲಗಲ ಎನ್ನುವ ಚೆಂಡೊಂದು ಅದರಲ್ಲಿ ಇದೆಯೇ ಎಂದು ನೋಡಬೇಕು.